ಕೋಟೆ ಬಾಗಿಲಿನ ಕಾರಂಜಿ: ಮುಂಬಯಿಯ ಫ್ಲೋರಾ ಫೌಂಟನ್

ನಮ್ಮ ಕರಾವಳಿಯ ಊರುಗಳಲ್ಲಿ ಮುಂಬಯಿಯ ‘ಫೋರ್ಟ್’ ಎಂಬ ಹೆಸರು ಕೇಳದ ಮನೆ ಕಡಿಮೆ. ಹಗಲು ಅಲ್ಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನೂ ಮುಂಬಯಿಯ ದಾರಿ ಹಿಡಿದೆ. ಹಲವು ವರ್ಷ ನನ್ನ ಕೆಲಸ ಫ್ಲೋರಾ ಫೌಂಟನ್ನಿನ ಹತ್ತಿರವೇ ಇತ್ತು. ಅಲ್ಲಿನ ಫುಟ್‌ಪಾತಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ತಡಕಾಡುತ್ತಾ ನಿಂತವರಲ್ಲಿ ನಾನೂ ಒಬ್ಬ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಕೇಳಿದಾಗ, ಆ ವೃತ್ತದ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕೆನಿಸಿತು.

ಫೋರ್ಟ್ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಊರಿನ ಸುತ್ತ ನಿಜವಾಗಿಯೂ ಕೋಟೆ ಗೋಡೆಯಿತ್ತು. ಅದಕ್ಕೆ ಅಪೋಲೋ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್ ಎಂಬ ಮೂರು ಬಾಗಿಲುಗಳಿದ್ದವು. ಒಳಗಿನ ಸೇಂಟ್ ಥಾಮಸ್ ಇಗರ್ಜಿಗೆ ಹೋಗುವ ಬಾಗಿಲೇ ಚರ್ಚ್ ಗೇಟ್. ಇಂದಿನ ರೈಲು ನಿಲ್ದಾಣದ ಹೆಸರು ಅದರಿಂದಲೇ ಉಳಿದಿದೆ. 1862ರಲ್ಲಿ ಗವರ್ನರ್ ಆಗಿ ಬಂದ ಸರ್ ಬಾರ್ಟ್ಲ್ ಫ್ರಿಯರ್, ಬೆಳೆಯುತ್ತಿದ್ದ ಊರಿಗೆ ಇಕ್ಕಟ್ಟಾಗಿದ್ದ ಆ ಗೋಡೆಗಳನ್ನು ಕೆಡವಿಸಿದರು. ಚರ್ಚ್ ಗೇಟ್ ಇದ್ದ ಜಾಗದಲ್ಲಿ ಎದ್ದು ನಿಂತದ್ದು ಈ ಕಾರಂಜಿ.

ಮೊದಲಿಗೆ ಇದು ಅಲ್ಲಿಗೆ ಬರಬೇಕಾದ್ದಲ್ಲ. ತೋಟಗಾರಿಕೆಯ ಸಂಘವೊಂದು ಬೈಕುಲಾದ ವಿಕ್ಟೋರಿಯಾ ಗಾರ್ಡನ್ಸ್‌ಗಾಗಿ, ಅಂದರೆ ಇಂದಿನ ರಾಣಿಬಾಗ್‌ಗಾಗಿ, ಇದನ್ನು ಯೋಜಿಸಿತ್ತು. ಖರ್ಚು ಸುಮಾರು 47,000 ರೂಪಾಯಿ. ಅದರಲ್ಲಿ 20,000 ಕೊಟ್ಟವರು ಕರ್ಸೆಟ್‌ಜಿ ಫರ್ದೂನ್‌ಜಿ ಪಾರೇಖ್ ಎಂಬ ಪಾರ್ಸಿ ದಾನಿ. 1864ರಲ್ಲಿ ಕಾರಂಜಿ ಕೋಟೆಯ ಬಾಗಿಲಿನ ಜಾಗದಲ್ಲಿ ನೆಲೆಗೊಂಡಿತು. ನಕ್ಷೆ ಇಂಗ್ಲೆಂಡಿನ ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಶಾ ಅವರದು. ಕೆತ್ತಿದವರು ಜೇಮ್ಸ್ ಫೋರ್ಸಿತ್. ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಎಂಬಲ್ಲಿ ಸಿಗುವ ಸುಣ್ಣಕಲ್ಲು ಹಡಗಿನಲ್ಲಿ ಬಂತು. ತುದಿಯಲ್ಲಿ ನಿಂತವಳು ರೋಮನ್ನರ ಹೂವಿನ ದೇವತೆ ಫ್ಲೋರಾ. ಕೆಳಗೆ ನಾಲ್ಕು ಮೂಲೆಗಳಲ್ಲಿ ಮೂರ್ತಿಗಳು, ಡಾಲ್ಫಿನ್ ಮೀನುಗಳು, ಚಿಪ್ಪಿನಾಕಾರದ ಬಟ್ಟಲುಗಳು. ಎಲ್ಲಕ್ಕೂ ಕೆಳಗೆ ನೀರಿನ ಕೊಳ. ಗವರ್ನರರ ಹೆಸರಿಡುವ ವಿಚಾರವಿದ್ದರೂ ಕೊನೆಗೆ ಉಳಿದದ್ದು ದೇವತೆಯ ಹೆಸರು.

ದೊಡ್ಡ ರಸ್ತೆಗಳು ಅಲ್ಲಿ ಕೂಡುತ್ತಿದ್ದುದರಿಂದ ಕಾರಂಜಿ ವಾಹನಗಳು ಸುತ್ತಿಹೋಗುವ ವೃತ್ತವೂ ಆಯಿತು. ಮುಂಬಯಿಯಲ್ಲಿ 1874ರಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು, 1907ರಲ್ಲಿ ವಿದ್ಯುತ್ ಟ್ರಾಮ್, 1964ರಲ್ಲಿ ಟ್ರಾಮೇ ನಿಂತುಹೋಯಿತು. ಇತ್ತೀಚಿನ ಜೀರ್ಣೋದ್ಧಾರದ ವೇಳೆ ನೆಲ ಅಗೆದಾಗ ಹಳೆಯ ಟ್ರಾಮ್ ಹಳಿಗಳು ಕಾಣಿಸಿಕೊಂಡವು.

ಆದರೆ ಆ ವೃತ್ತದ ಮುಖ್ಯ ದಿನ 1955ರ ನವೆಂಬರ್ 21. ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಮರುವಿಂಗಡಿಸುವ ಚರ್ಚೆ ಆಗ ದೇಶವಿಡೀ ನಡೆಯುತ್ತಿತ್ತು. ಮುಂಬಯಿ ನಗರವನ್ನು ಮಹಾರಾಷ್ಟ್ರದಿಂದ ಬೇರೆ ಇಡುವ ಯೋಚನೆಯ ವಿರುದ್ಧ ಕಾರ್ಮಿಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಫ್ಲೋರಾ ಫೌಂಟನ್ ಬಳಿ ಪೊಲೀಸರು ಗುಂಡು ಹಾರಿಸಿದರು. ಅಂದು 15 ಜನ ಸತ್ತರು. ಇಡೀ ಚಳವಳಿಯಲ್ಲಿ ಪ್ರಾಣ ಕೊಟ್ಟವರು ನೂರಕ್ಕೂ ಹೆಚ್ಚು. 1960ರ ಮೇ 1ರಂದು ಮುಂಬಯಿಯನ್ನು ರಾಜಧಾನಿಯಾಗಿ ಉಳ್ಳ ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಆ ಜಾಗ ಹುತಾತ್ಮ ಚೌಕವಾಯಿತು. ಕಾರಂಜಿಯನ್ನು ಯಾರೂ ಕೀಳಲಿಲ್ಲ. ಅದರ ಪಕ್ಕದಲ್ಲೇ ಪಂಜು ಹಿಡಿದ ರೈತ ಮತ್ತು ಕಾರ್ಮಿಕನ ಮೂರ್ತಿಗಳು ನಿಂತವು.

ಅದು ಮರಾಠಿಗರ ಸ್ಮಾರಕ, ನಾನು ಕನ್ನಡಿಗ. ಆದರೂ ಅಲ್ಲಿ ಕೆತ್ತಿದ ಹೆಸರುಗಳನ್ನು ಓದುವಾಗ ನನಗೆ ನಮ್ಮ ಕತೆಯೇ ನೆನಪಾಗುತ್ತಿತ್ತು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿಗೆ. ಅಂದು ಕನ್ನಡ ನಾಡು ಒಂದಾಯಿತು, ನಮ್ಮ ನೆರೆಯ ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮ ಭಾಷೆಯಲ್ಲೇ ಆಡಳಿತ, ನಮ್ಮ ಭಾಷೆಯಲ್ಲೇ ಪಾಠ ಬೇಕೆಂಬ ಆಸೆ ಅವರದೂ ಹೌದು, ನಮ್ಮದೂ ಹೌದು. ಈ ಸರ್ಕಾರಿ ಪ್ರೌಢಶಾಲೆಯ ಬೆಂಚಿನಲ್ಲಿ ಕೂತು ನಾನು ವಿಜ್ಞಾನ, ಗಣಿತಗಳನ್ನು ಕನ್ನಡದಲ್ಲಿ ಕಲಿತದ್ದು ಪುಕ್ಕಟೆ ಸಿಕ್ಕ ಸೌಲಭ್ಯವಲ್ಲ. ಇಂಥ ಹಕ್ಕಿಗೆ ಜನ ಎಷ್ಟು ಬೆಲೆ ತೆತ್ತಿದ್ದಾರೆಂದು ನನಗೆ ಮನದಟ್ಟು ಮಾಡಿದ್ದು ಆ ಚೌಕ. ಇಂದು ಊರೂರಿನಲ್ಲಿ ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆ ಇಳಿಯುತ್ತಿರುವಾಗ ಈ ಮಾತನ್ನು ಹೇಳದೆ ಇರಲಾರೆ.

ಕಾರಂಜಿಯಿಂದ ಕಲಿಯುವ ಇನ್ನೊಂದು ಪಾಠವಿದೆ. ಅಂದವಾಗಲೆಂದು ಆ ಕಲ್ಲಿಗೆ ವರ್ಷಗಟ್ಟಲೆ ಬಣ್ಣದ ಮೇಲೆ ಬಣ್ಣ ಬಳಿದರು. ಕೆತ್ತನೆಯ ಗೆರೆಗಳೇ ಮುಚ್ಚಿಹೋದವು. ನೀರೂ ನಿಂತಿತ್ತು. ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ ಅವರ ಮಾರ್ಗದರ್ಶನದಲ್ಲಿ ಬಣ್ಣ ತೆಗೆದು, ಒಡೆದದ್ದನ್ನು ಸರಿಪಡಿಸಿ, 2019ರ ಜನವರಿಯಲ್ಲಿ ಮತ್ತೆ ನೀರು ಹರಿಸಿದರು. ಹಳೆಯದನ್ನು ಉಳಿಸುವುದೆಂದರೆ ಮೇಲೆ ಸುಣ್ಣಬಣ್ಣ ಬಳಿಯುವುದಷ್ಟೇ ಅಲ್ಲ, ಒಳಗಿನ ಕೊಳವೆಯನ್ನೂ ನೋಡಬೇಕು. ಐವತ್ತು ತುಂಬಿದ ನಮ್ಮ ಶಾಲೆಗೂ ಈ ಮಾತು ಸಲ್ಲುತ್ತದೆ. ಹಬ್ಬಕ್ಕೆ ಗೋಡೆ ಬಣ್ಣ ಕಂಡಿದೆ, ಸಂತೋಷ. ಇನ್ನು ತರಗತಿ ತುಂಬ ಮಕ್ಕಳು, ಪಾಠಕ್ಕೆ ಸಾಕಷ್ಟು ಮೇಷ್ಟ್ರುಗಳು ಇರುವಂತೆ ನೋಡಿಕೊಳ್ಳುವುದು ಹಳೆ ವಿದ್ಯಾರ್ಥಿಗಳಾದ ನಮ್ಮ ಮತ್ತು ಊರವರ ಪಾಲಿನ ಕೆಲಸ.