ಕಥೆಯ ಕತ್ತಿಗೆ ಉಕ್ಕು ಎಲ್ಲಿಂದ ಬಂತು?

ಕತ್ತಿಗೊಂದು ಹೆಸರಿದ್ದರೆ ಅದಕ್ಕೊಂದು ಹುಟ್ಟಿನ ಕಥೆಯೂ ಇರಲೇಬೇಕೆಂಬುದು ಓದುಗರ ಹಟ. ಅಮೆರಿಕದ ಲೇಖಕ ಜಾರ್ಜ್ ಆರ್.ಆರ್. ಮಾರ್ಟಿನ್ 1996ರಲ್ಲಿ 'ಎ ಗೇಮ್ ಆಫ್ ಥ್ರೋನ್ಸ್' ಮೂಲಕ ಆರಂಭಿಸಿದ ಕಾದಂಬರಿ ಮಾಲೆಯಲ್ಲಿ 'ವ್ಯಾಲಿರಿಯನ್ ಉಕ್ಕು' ಎಂಬುದೊಂದು ಬರುತ್ತದೆ. ಆ ಉಕ್ಕಿನ ಕತ್ತಿ ಹಗುರ. ಅದರ ಅಲಗು ಮೊಂಡಾಗದು. ಮೈಮೇಲೆಲ್ಲ ನೀರಿನ ಅಲೆಗಳಂಥ ಗೆರೆಗಳು. ಡ್ರ್ಯಾಗನ್‌ಗಳನ್ನು ಪಳಗಿಸಿದ ವ್ಯಾಲಿರಿಯ ನಾಡು ನಾಶವಾದಾಗ ಈ ವಿದ್ಯೆಯೂ ಅಳಿಯಿತು. ಇರುವ ಕತ್ತಿಯನ್ನು ಕಾಯಿಸಿ ಬೇರೆ ಕತ್ತಿ ಮಾಡಬಲ್ಲ ಕಮ್ಮಾರರು ಕಥೆಯಲ್ಲಿ ಕೆಲವರುಂಟು. ಹೊಸದಾಗಿ ಆ ಉಕ್ಕನ್ನು ತಯಾರಿಸಬಲ್ಲವರು ಯಾರೂ ಇಲ್ಲ.

ತಯಾರಿಸುವ ಬಗೆಯನ್ನು ಲೇಖಕರು ಬಿಡಿಸಿ ಹೇಳಿಲ್ಲ. ಅಭಿಮಾನಿಗಳಿಗೆ ಅಷ್ಟೇ ಸಾಕಾಯಿತು. ಡ್ರ್ಯಾಗನ್‌ನ ಉಸಿರಿನ ಬೆಂಕಿಯಿಲ್ಲದೆ ಅದು ಹದಕ್ಕೆ ಬರುವುದಿಲ್ಲ ಎಂಬುದು ಒಂದು ವಾದ. ನರಬಲಿಯ ರಕ್ತ ಬೇಕು ಎಂಬುದು ಇನ್ನೊಂದು. ಈ ಎರಡನೆಯ ವಾದಕ್ಕೆ ಆಧಾರವೂ ಕಥೆಯೊಳಗೇ ಇದೆ: ಅದರಲ್ಲಿ ಬರುವ ಪುರಾಣವೀರನೊಬ್ಬ ಕತ್ತಿಯನ್ನು ಮೊದಲು ನೀರಿನಲ್ಲಿ, ಆಮೇಲೆ ಸಿಂಹದ ಎದೆಯಲ್ಲಿ ಹದಗೊಳಿಸಲು ಹೋಗಿ ಸೋಲುತ್ತಾನೆ, ಕೊನೆಗೆ ಹೆಂಡತಿಯ ಎದೆಗೇ ಇಳಿಸುತ್ತಾನೆ. ಆಕಾಶದಿಂದ ಬಿದ್ದ ನಕ್ಷತ್ರದಿಂದ ಮಾಡಿದ 'ಡಾನ್' ಎಂಬ ಬಿಳಿಯ ಕತ್ತಿಯೇ ಆ ವೀರನ ಕತ್ತಿ ಎನ್ನುವವರಿದ್ದಾರೆ. ಅಲ್ಲ, ಅದು ಸ್ಟಾರ್ಕ್ ಮನೆತನದ ಮೂಲ ಕತ್ತಿ ಎಂದು ಸಾಧಿಸುವವರೂ ಇದ್ದಾರೆ.

ನಗುವ ಮುನ್ನ ಒಂದು ಮಾತು. ಮೈಮೇಲೆ ಅಲೆಗೆರೆಗಳಿರುವ, ಮಾಡುವ ವಿದ್ಯೆ ಮರೆತುಹೋದ ಕತ್ತಿಗಳು ನಿಜವಾಗಿಯೂ ಇದ್ದವು. ಯೂರೋಪಿನವರು ಅವನ್ನು ಡಮಾಸ್ಕಸ್ ಕತ್ತಿಗಳೆಂದರು. ಬಲಿಷ್ಠ ಗುಲಾಮನ ದೇಹಕ್ಕೆ ಇರಿದು ಅವನ್ನು ಹದಗೊಳಿಸುತ್ತಿದ್ದರು ಎಂಬ ಕಥೆ ಅಲ್ಲಿ ಬಹುಕಾಲ ಓಡಾಡಿತು. ಅಭಿಮಾನಿಗಳ ಊಹೆ ಹಳೆಯ ದಾರಿಯಲ್ಲೇ ನಡೆದಿದೆ, ಅಷ್ಟೆ.

ಡಮಾಸ್ಕಸ್ ಪೇಟೆಯ ಹೆಸರು. ಅತ್ಯುತ್ತಮ ಅಲಗುಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ಹೋಗುತ್ತಿದ್ದುದು ಭಾರತದಿಂದ, ಅದರಲ್ಲೂ ದಕ್ಷಿಣದಿಂದ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಬಗ್ಗೆ ಪ್ರಬಂಧ ಒಪ್ಪಿಸಿದಾಗ ಅದನ್ನು 'ವೂಟ್ಜ್' ಎಂದು ಕರೆದರು. ಭಾರತದ ಯಾವ ಭಾಷೆಯಲ್ಲೂ ಅಂಥ ಪದವಿಲ್ಲ. 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಇದು ಬರವಣಿಗೆಯ ಅಥವಾ ಓದಿನ ತಪ್ಪಿನಿಂದ ಹುಟ್ಟಿದ ರೂಪವಿರಬೇಕೆಂದು ಊಹಿಸಿ, ಕನ್ನಡದ 'ಉಕ್ಕು' ಎಂಬುದರತ್ತ ಬೆರಳು ಮಾಡಿತು. ತೆಲುಗಿನಲ್ಲೂ ಪದ ಅದೇ. ತಪ್ಪಾಗಿ ಬರೆದ ಹೆಸರೇ ಜಗತ್ತಿನ ಲೋಹಶಾಸ್ತ್ರದಲ್ಲಿ ನಿಂತಿತು.

ವ್ಯಾಲಿರಿಯದ ಮಂತ್ರಕ್ಕೆ ಬದಲು ಇಲ್ಲಿ ಏನಿತ್ತು? ಟಿಪ್ಪುವಿನ ಪತನದ ನಂತರ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿಟ್ಟು ತಿದಿ ಒತ್ತುವುದು. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಡ್ರ್ಯಾಗನ್ನೂ ಇಲ್ಲ, ಗುಲಾಮನೂ ಇಲ್ಲ.

ಹಾಗಾದರೆ ವಿದ್ಯೆ ಅಳಿದದ್ದೇಕೆ? ಇಲ್ಲಿ ವಿದ್ವಾಂಸರೂ ಊಹೆಗೆ ಇಳಿಯುತ್ತಾರೆ. ಅಮೆರಿಕದ ಲೋಹತಜ್ಞ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಅಂಥ ಅಲಗುಗಳನ್ನು ಮತ್ತೆ ಮಾಡಿ ನೋಡಿದರು. ವನೇಡಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೆ ಮಾತ್ರ ಗೆರೆಗಳು ಮೂಡುತ್ತವೆ, ಅಂಥ ಅದಿರು ನಿಂತಾಗ ವಿದ್ಯೆಯೂ ಕೈಕೊಟ್ಟಿತು ಎಂದು 1998ರಲ್ಲಿ ವಾದಿಸಿದರು. ಕಮ್ಮಾರ ಮೊದಲಿನಂತೆಯೇ ಬಡಿದ. ಗೆರೆ ಮಾತ್ರ ಮೂಡಲಿಲ್ಲ. ಏಕೆಂದು ತಿಳಿಯುವ ದಾರಿ ಅವನಿಗಿರಲಿಲ್ಲ. ಈ ವಿವರಣೆಯ ಮುಂದೆ ರಕ್ತಬಲಿಯ ಕಥೆ ಸಪ್ಪೆಯೆನಿಸುತ್ತದೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಸಂಶೋಧಕರು ಹಳೆಯ ಅಲಗೊಂದರಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ಕಂಡುದಾಗಿ ಪ್ರಕಟಿಸಿದ್ದೂ ದೊಡ್ಡ ಸುದ್ದಿಯಾಯಿತು. ಇತ್ತ, ಇಂಗ್ಲೆಂಡಿನ ಅಗ್ಗದ ಉಕ್ಕು ಬಂದ ಮೇಲೆ ಹಳ್ಳಿಯ ಮೂಸೆಗಳನ್ನು ಕೇಳುವವರೂ ಕಡಿಮೆಯಾದರು.

ಇರಾನಿನ ಅನೇಕ ಅಲಗುಗಳ ಮೇಲೆ ಅಸದುಲ್ಲಾ ಎಂಬ ಕಮ್ಮಾರನ ಹೆಸರನ್ನು ಚಿನ್ನದಲ್ಲಿ ಕೂರಿಸಿದ್ದಾರೆ. ಮೂಸೆಯ ಮುಂದೆ ಕುಳಿತು ಆ ಗಟ್ಟಿಗಳನ್ನು ಕರಗಿಸಿದವರ ಹೆಸರು ಅಲಗಿನ ಮೇಲಿಲ್ಲ. ಅವರ ಉಕ್ಕೆಲ್ಲ ಕತ್ತಿಯಾಗಲಿಲ್ಲ ಎಂಬುದೂ ನಿಜ. ಚನ್ನಪಟ್ಟಣದಲ್ಲಿ ಉಕ್ಕನ್ನು ತೆಳ್ಳಗೆ ಎಳೆದು ತಂತಿ ಮಾಡುತ್ತಿದ್ದರು. ಅದು ಸಂಗೀತ ವಾದ್ಯಗಳಿಗೆ ಹೋಗುತ್ತಿತ್ತು.