ಅಂಗಳ ನೋಡಿದರೆ ಸಾಲದು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. 'ಮನೆ ಮಾರಿ ನೋಡು' ಎಂದು ಅವರು ಹೇಳಲಿಲ್ಲ. ಹೆಚ್ಚಿನವರ ಪಾಲಿಗೆ ಮನೆ ಮಾರುವುದೆಂದರೆ ಬೇರೆ ದಾರಿಯಿಲ್ಲದಾಗ ತುಳಿಯುವ ದಾರಿಯಾಗಿತ್ತು. ಇಂದು ಅದೊಂದು ವ್ಯವಹಾರ. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಪಾಲಿಶ್, ಅಂಗಳದಲ್ಲಿ ನಾಲ್ಕು ಹೂಕುಂಡ, ಕಿಟಕಿಗೆ ತಿಳಿಬಣ್ಣದ ಪರದೆ. ಗಿರಾಕಿ ಬರುವ ಹೊತ್ತಿಗೆ ಎಲ್ಲ ದೀಪಗಳೂ ಉರಿಯುತ್ತಿರಬೇಕು ಎಂದು ದಲ್ಲಾಳಿ ಮೊದಲೇ ಹೇಳಿಹೋಗಿರುತ್ತಾನೆ.

ಇದರಲ್ಲಿ ತಪ್ಪೇನಿಲ್ಲ. ಮಾರುವ ವಸ್ತುವನ್ನು ಚೊಕ್ಕವಾಗಿಡುವುದು ಕೊಳ್ಳುವವನಿಗೆ ತೋರುವ ಮರ್ಯಾದೆಯೂ ಹೌದು. ಆದರೆ ಅದೇ ಬಣ್ಣ ಕಳೆದ ಮಳೆಗಾಲದಲ್ಲಿ ಸೋರಿದ ಗೋಡೆಯ ಕಲೆಯನ್ನು ಮುಚ್ಚಲೆಂದೇ ಬಳಿದದ್ದಾದರೆ? ಗೆದ್ದಲು ತಿಂದ ತೊಲೆಯ ಮೇಲೆ ಹೊಸ ಹಲಗೆ ಹೊಡೆದಿದ್ದರೆ? ಸಿಂಗಾರ ಎಲ್ಲಿ ಮುಗಿಯುತ್ತದೆ, ವಂಚನೆ ಎಲ್ಲಿ ಶುರುವಾಗುತ್ತದೆ? ಮನೆ ಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಂಡಿರುವ ಈ ಪ್ರಶ್ನೆಗೆ ಬಹಳ ಹಳೆಯ ಇತಿಹಾಸವಿದೆ.

ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಮೇಲೆ ಒಣಗಿದ ಕಾಳು, ಒಳಗೆ ತೇವ. ಮಳೆ ಬಂದಿತ್ತೆಂದು ವ್ಯಾಪಾರಿ ಸಮಜಾಯಿಷಿ ಕೊಟ್ಟ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿ(ಸ)ರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನೆನೆದ ಕಾಳನ್ನು ಮಾರಬೇಡ ಎಂದು ಅವರು ಹೇಳಲಿಲ್ಲ. ಅದು ಕಾಣಲಿ ಎಂದರು. ಆಕ್ಷೇಪ ಇದ್ದದ್ದು ದೋಷದ ಬಗ್ಗೆಯಲ್ಲ, ಅದನ್ನು ಮುಚ್ಚಿಟ್ಟ ಬಗ್ಗೆ.

ಇಂಥದೇ ಇನ್ನೊಂದು ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಒಂಟೆ ಅಥವಾ ಆಡನ್ನು ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿ ಕಾಣುವಂತೆ ಮಾಡುವುದನ್ನು ಅದು ನಿಷೇಧಿಸುತ್ತದೆ. ಹಾಗೆ ಮೋಸಹೋದವನು ಪ್ರಾಣಿಯನ್ನು ಹಿಂದಿರುಗಿಸಬಹುದು. ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕು. ವಸ್ತುವನ್ನು ಮಾರಾಟಕ್ಕೆ 'ಸಜ್ಜುಗೊಳಿಸುವ' ಕಲೆಯ ಬಗ್ಗೆ ಇದೊಂದು ಸ್ಪಷ್ಟ ತೀರ್ಮಾನ.

ನಂತರದ ಕರ್ಮಶಾಸ್ತ್ರ ವಿದ್ವಾಂಸರು ಈ ಎಳೆಯನ್ನು ಹಿಡಿದು ದೂರ ಸಾಗಿದರು. ಸಿರಿಯಾದ ನವಾ ಎಂಬ ಊರಿನಲ್ಲಿ ಹುಟ್ಟಿ 1277ರಲ್ಲಿ ತೀರಿಕೊಂಡ ಇಮಾಮ್ ನವವಿ ತಮ್ಮ 'ಮಿನ್ಹಾಜ್' ಗ್ರಂಥದಲ್ಲಿ ಕೆಲವು ಉದಾಹರಣೆಗಳನ್ನು ಕೊಡುತ್ತಾರೆ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಪಂಥದ ಪ್ರಮುಖ ಗ್ರಂಥಗಳಲ್ಲಿ ಇದೊಂದು. ನೀರಿನಿಂದ ತಿರುಗುವ ಬೀಸುಕಲ್ಲನ್ನು ಮಾರುವವನು ಕಾಲುವೆಯ ನೀರನ್ನು ಕಟ್ಟಿಟ್ಟು, ವ್ಯಾಪಾರದ ಹೊತ್ತಿಗೆ ಬಿಟ್ಟು ರಭಸ ತೋರಿಸಿದರೆ, ಕೊಂಡವನಿಗೆ ವ್ಯಾಪಾರ ಮುರಿಯುವ ಹಕ್ಕಿದೆ. ಗುಲಾಮರ ಮಾರಾಟ ನಡೆಯುತ್ತಿದ್ದ ಆ ಕಾಲದಲ್ಲಿ ಮಾರಾಟಗಾರರು ಗುಲಾಮನ ನರೆಗೂದಲಿಗೆ ಕಪ್ಪು ಬಳಿಯುತ್ತಿದ್ದರು, ಕೆನ್ನೆಗೆ ಕೆಂಪು ಹಚ್ಚುತ್ತಿದ್ದರು. ಇಂದು ಓದಲು ಮನಸ್ಸಿಗೆ ಕಹಿಯಾಗುವ ಈ ಉದಾಹರಣೆಗಳಲ್ಲೂ ತೀರ್ಪು ಅದೇ. ಆದರೆ ಗುಲಾಮನ ಬಟ್ಟೆಗೆ ಶಾಯಿ ಚಿಮುಕಿಸಿ, ಇವನು ಬರೆಯಬಲ್ಲವನು ಎಂಬ ಭ್ರಮೆ ಹುಟ್ಟಿಸಿದರೆ? ಅದಕ್ಕೆ ಆ ಹಕ್ಕಿಲ್ಲ ಎಂಬುದನ್ನೇ ನವವಿ ಹೆಚ್ಚು ಸರಿಯಾದ ಅಭಿಪ್ರಾಯವೆಂದು ಎತ್ತಿಹಿಡಿಯುತ್ತಾರೆ. ಬಟ್ಟೆಯ ಮೇಲಿನ ಶಾಯಿ ಕಂಡು ನಂಬುವ ಬದಲು ಒಂದು ಸಾಲು ಬರೆಸಿ ನೋಡಬಹುದಿತ್ತಲ್ಲ! ಮಾರುವವನು ಮೋಸ ಮಾಡಬಾರದು, ಕೊಳ್ಳುವವನೂ ಕಣ್ಣು ಮುಚ್ಚಿಕೊಂಡಿರಬಾರದು.

ಮನೆಯ ವಿಷಯಕ್ಕೇ ಬಂದರೆ ಹನಫಿ ಪಂಥದ 'ಹಿದಾಯ' ಇನ್ನೂ ಸ್ವಾರಸ್ಯಕರ. ಈಗಿನ ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯ ಮರ್ಗೀನಾನಿ ಇದರ ಕರ್ತೃ, 1197ರಲ್ಲಿ ನಿಧನರಾದವರು. ನೋಡದೆ ಕೊಂಡ ವಸ್ತುವನ್ನು ನೋಡಿದ ಮೇಲೆ ಬೇಡವೆನ್ನುವ ಹಕ್ಕು ಕೊಂಡವನಿಗಿದೆ ಎನ್ನುತ್ತದೆ ಈ ಪಂಥ. ಈ ಬಗ್ಗೆ ಹಿದಾಯ ಒಂದು ಕಥೆಯನ್ನೂ ಹೇಳುತ್ತದೆ. ಉಸ್ಮಾನ್(ರ)ರು ಬಸ್ರಾದಲ್ಲಿದ್ದ ತಮ್ಮ ಜಮೀನನ್ನು ತಲ್ಹಾ(ರ)ರಿಗೆ ಮಾರಿದರು. ಇಬ್ಬರೂ ಅದನ್ನು ಕಂಡಿರಲಿಲ್ಲ. ನಿಮಗೆ ನಷ್ಟವಾಯಿತು ಎಂದು ಜನ ಇಬ್ಬರಿಗೂ ಹೇಳಿದರು. ನಾನು ನೋಡದೆ ಕೊಂಡವನು, ಮುರಿಯುವ ಹಕ್ಕು ನನ್ನದು ಎಂದರು ಒಬ್ಬರು. ನಾನು ನೋಡದೆ ಮಾರಿದವನು, ಹಕ್ಕು ನನ್ನದು ಎಂದರು ಇನ್ನೊಬ್ಬರು. ಪಂಚಾಯ್ತಿಗೆ ಕೂತ ಜುಬೈರ್ ಬಿನ್ ಮುತ್‌ಇಮ್(ರ)ರು ಕೊಂಡವರಾದ ತಲ್ಹಾರ ಪರ ತೀರ್ಪಿತ್ತರು.

ಹಾಗಾದರೆ ಮನೆಯನ್ನು 'ನೋಡುವುದು' ಎಂದರೇನು? ಅಂಗಳವನ್ನು ನೋಡಿದರೆ ಮನೆಯನ್ನು ನೋಡಿದಂತೆಯೇ, ಕೋಣೆಗಳಿಗೆ ಹೋಗದಿದ್ದರೂ ಹಕ್ಕು ಮುಗಿಯಿತು ಎಂದಿತ್ತು ಹಳೆಯ ಅಭಿಪ್ರಾಯ. ಒಳಗೆ ಹೋಗಲೇಬೇಕು ಎಂದವರು ಇಮಾಮ್ ಅಬೂಹನೀಫಾರ ಶಿಷ್ಯರಲ್ಲಿ ಒಬ್ಬರಾದ ಝುಫರ್. ಮರ್ಗೀನಾನಿ ಇಬ್ಬರ ಮಾತನ್ನೂ ತೂಗಿ, ಒಬ್ಬ ಇತಿಹಾಸಕಾರನಂತೆ ಉತ್ತರಿಸುತ್ತಾರೆ. ಹಿಂದಿನವರ ಕಾಲದಲ್ಲಿ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವಾಗಿದ್ದವು, ಅವರ ಮಾತು ಆ ರೂಢಿಗೆ ತಕ್ಕದ್ದು. ಈಗ ಮನೆಗೂ ಮನೆಗೂ ವ್ಯತ್ಯಾಸವಿದೆ, ಹೊರಗಿನ ನೋಟದಿಂದ ಒಳಗಿನ ತಿಳುವಳಿಕೆ ಬಾರದು, ಆದ್ದರಿಂದ ಒಳಹೊಕ್ಕು ನೋಡಲೇಬೇಕು ಎನ್ನುತ್ತಾರೆ. 'ಮೇಲೆ ಥಳಕು ಒಳಗೆ ಹುಳುಕು' ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಧರ್ಮಶಾಸ್ತ್ರವೆಂದರೆ ಕಲ್ಲಿನ ಮೇಲೆ ಕೆತ್ತಿದ ಅಕ್ಷರ ಎಂದುಕೊಂಡವರು ಈ ಪುಟವನ್ನೊಮ್ಮೆ ಓದಬೇಕು. ಮನೆ ಕಟ್ಟುವ ರೀತಿ ಬದಲಾದಾಗ ನಿಯಮವೂ ಬದಲಾಯಿತು. ನ್ಯಾಯದ ಉದ್ದೇಶ ಮಾತ್ರ ಬದಲಾಗಲಿಲ್ಲ.

ಈ ಹಿದಾಯವನ್ನೇ ವಾರನ್ ಹೇಸ್ಟಿಂಗ್ಸನ ಪ್ರೋತ್ಸಾಹದಿಂದ ಮೊದಲು ಪರ್ಶಿಯನ್ನಿಗೆ, ಆಮೇಲೆ ಚಾರ್ಲ್ಸ್ ಹ್ಯಾಮಿಲ್ಟನ್ ಮೂಲಕ ಇಂಗ್ಲಿಷಿಗೆ ತರಲಾಯಿತು. 1791ರಲ್ಲಿ ಅದು ಪ್ರಕಟವಾಯಿತು. ಆದರೆ ಕ್ರಯ ವಿಕ್ರಯದಲ್ಲಿ ಬ್ರಿಟಿಷರದ್ದೇ ಬೇರೊಂದು ಪರಂಪರೆಯಿತ್ತು: ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅವರ ಹಳೆಯ ಸೂತ್ರ. 1882ರ ಸ್ವತ್ತು ವರ್ಗಾವಣೆ ಕಾಯಿದೆ ಅದನ್ನು ತುಸು ಮೆದುಗೊಳಿಸಿತು. ಬೇರೆ ಕರಾರು ಇಲ್ಲದಿದ್ದರೆ, ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಆತ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು ಎನ್ನುತ್ತದೆ ಅದರ 55ನೇ ಕಲಮು. ದೋಷ ಮನೆಯದ್ದಾಗಿರಲಿ, ಅದರ ಹಕ್ಕುಪತ್ರದ್ದಾಗಿರಲಿ, ಮುಚ್ಚಿಟ್ಟರೆ ಅದು ವಂಚನೆ. ಈಗಲೂ ಜಾರಿಯಲ್ಲಿರುವ ಈ ಕಲಮನ್ನು ನವವಿಯವರ ಶಾಯಿಯ ಕಲೆ ಮತ್ತು ಬೀಸುಕಲ್ಲಿನ ಪಕ್ಕದಲ್ಲಿಟ್ಟು ನೋಡಿ. ಕಣ್ಣಿಗೆ ಕಾಣುವುದು ಕೊಳ್ಳುವವನ ಹೊಣೆ, ಕಾಣದ್ದು ಮಾರುವವನ ಹೊಣೆ. ಗೆರೆ ಎಳೆದ ಜಾಗ ಹೆಚ್ಚುಕಡಿಮೆ ಒಂದೇ.

ಮನೆ ತೋರಿಸುವುದು ದೊಡ್ಡ ಉದ್ಯಮವಾದದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ನಂತರ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ ಎದ್ದ ಲೆವಿಟ್‌ಟೌನ್ 17,000ಕ್ಕೂ ಹೆಚ್ಚು ಮನೆಗಳ ಊರಾಯಿತು. ಸಜ್ಜುಗೊಳಿಸಿದ ಮಾದರಿ ಮನೆಯನ್ನು ನೋಡಲು ಜನ ಸಾಲುಗಟ್ಟಿದರು. 1950ರ ಮಾದರಿಯಲ್ಲಂತೂ ಗೋಡೆಯೊಳಗೇ ಟೆಲಿವಿಷನ್ ಕೂರಿಸಲಾಗಿತ್ತು. 1970ರ ದಶಕದಲ್ಲಿ ಹಳೆಯ ಮನೆಗಳನ್ನೂ ನಾಟಕದ ರಂಗದಂತೆ ಸಿಂಗರಿಸಿ ಮಾರುವ ಪದ್ಧತಿ ವೃತ್ತಿಯಾಗಿ ಬೆಳೆಯಿತು. ಮನೆಯವರ ಫೋಟೋ ತೆಗೆದಿಡಿ, ಅರ್ಧ ಸಾಮಾನು ಹೊರಗೆ ಸಾಗಿಸಿ, ಅಡುಗೆಮನೆಯಿಂದ ಕಾಫಿಯ ಪರಿಮಳ ಬರಲಿ ಎಂಬ ಉಪದೇಶಗಳು ಅಲ್ಲಿಂದಲೇ ಹರಡಿದವು. ನೋಡಲು ಬಂದವನು ಅದನ್ನು ಬೇರೆಯವರ ಮನೆಯೆಂದು ಮರೆತು, ತನ್ನದೇ ಎಂದುಕೊಳ್ಳಬೇಕು. ಗುಟ್ಟು ಇಷ್ಟೇ.

ಆದರೆ ಅದೇ ಲೆವಿಟ್‌ಟೌನಿನ ಕರಾರಿನಲ್ಲಿ ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂಬ ಷರತ್ತಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ ಮೇಲೂ ಬಾಗಿಲು ತೆರೆಯಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯದ ಇನ್ನೊಂದು ಲೆವಿಟ್‌ಟೌನಿಗೆ ಮೊದಲ ಕರಿಯ ಕುಟುಂಬ ಬಂದಾಗ ಗುಂಪುಗೂಡಿ ಕಲ್ಲು ತೂರಿದರು. ಮನೆ ಮಾರಾಟದಲ್ಲಿ ಜನಾಂಗಭೇದ ಮಾಡುವುದನ್ನು ನಿಷೇಧಿಸುವ ಕಾನೂನು ಬಂದದ್ದು 1968ರಲ್ಲಿ. ನಮ್ಮಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಅಹ್ಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಕೊಡುವ ತನ್ನ ಉಪವಿಧಿಯನ್ನು ಉಳಿಸಿಕೊಳ್ಳಬಹುದು ಎಂದಿತು. ಅಂಥ ಉಪವಿಧಿಯಿಲ್ಲದ ಕಡೆಯೂ ಫೋನಿನಲ್ಲಿ ಹೆಸರು ಹೇಳಿದೊಡನೆ 'ಆಗಲೇ ಮಾತಾಗಿದೆ' ಎಂಬ ಉತ್ತರ ಕೇಳಿದ ಮುಸ್ಲಿಮರೂ ದಲಿತರೂ ನಮ್ಮ ನಗರಗಳಲ್ಲಿ ಕಡಿಮೆಯೇನಿಲ್ಲ. ಮನೆಯನ್ನು ಒಳಹೊಕ್ಕು ನೋಡುವ ಹಕ್ಕನ್ನು ಎಂಟು ಶತಮಾನಗಳ ಹಿಂದೆ ವಿದ್ವಾಂಸರು ಚರ್ಚಿಸಿದರು. ಅಂಗಳಕ್ಕೂ ಕಾಲಿಡಲಾಗದವನ ಪಾಲಿಗೆ ಆ ಚರ್ಚೆ ಇನ್ನೂ ಶುರುವೇ ಆಗಿಲ್ಲ.

ಮಾದರಿ ಫ್ಲ್ಯಾಟು ತೋರಿಸಿ ಬೇರೇನನ್ನೋ ಕಟ್ಟಿಕೊಡುವ ಬಿಲ್ಡರುಗಳಿಗೆ 2016ರ ರಿಯಲ್ ಎಸ್ಟೇಟ್ ಕಾಯಿದೆ ಕಡಿವಾಣ ಹಾಕಿದೆ. ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕೊಟ್ಟು, ಅದು ಸುಳ್ಳೆಂದು ಸಾಬೀತಾದರೆ ಪರಿಹಾರ ಕೇಳಬಹುದು. ಹಿಂದೆ ಸರಿದು ಹಣ ವಾಪಸು ಪಡೆಯಲೂಬಹುದು. ಸ್ವಾಧೀನಕ್ಕೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ತೋರಿಸಿಕೊಟ್ಟರೆ ಬಿಲ್ಡರನೇ ಸರಿಪಡಿಸಬೇಕು. ಆದರೆ ಒಬ್ಬ ಸಾಮಾನ್ಯ ಮನುಷ್ಯ ತಾನು ವಾಸವಾಗಿದ್ದ ಮನೆಯನ್ನು ಇನ್ನೊಬ್ಬನಿಗೆ ಮಾರುವಾಗ ಈ ಕಾಯಿದೆ ಕೈಗೆ ಸಿಗದು. ಅಲ್ಲಿ ಉಳಿಯುವುದು 1882ರ ಆ ಕಲಮು ಮತ್ತು ಮಾರುವವನ ಆತ್ಮಸಾಕ್ಷಿ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ್ದು ನಮಗೆ ನೆನಪಿದೆ. ಬತ್ತಿದ ಬಾವಿಯ ಮನೆಯನ್ನು ಮಾರುವವನು ಗಿರಾಕಿ ಬರುವ ಬೆಳಿಗ್ಗೆ ಟ್ಯಾಂಕರ್ ತರಿಸಿ ಸಂಪು ತುಂಬಿಸಿ ನಲ್ಲಿ ತಿರುಗಿಸಿ ತೋರಿಸಿದರೆ, ಅವನು ಮಾಡಿದ್ದು ಕಾಲುವೆಗೆ ಕಟ್ಟೆ ಹಾಕಿದ ಆ ಬೀಸುಕಲ್ಲಿನ ಒಡೆಯ ಮಾಡಿದ್ದನ್ನೇ. ಮನೆಯನ್ನು ಗುಡಿಸೋಣ, ಬಣ್ಣ ಬಳಿಯೋಣ, ಹೂಕುಂಡ ಇಡೋಣ. ಬಂದವರನ್ನು, ಅವರ ಹೆಸರು ಯಾವುದೇ ಇರಲಿ, ಒಳಗೆ ಕರೆದು ಕೂರಿಸೋಣ. ಆಮೇಲೆ ಮಳೆಗಾಲದಲ್ಲಿ ಸೋರುವ ಮೂಲೆ ಯಾವುದೆಂದು ನಾವೇ ಬೆರಳಿಟ್ಟು ತೋರಿಸೋಣ. ಬೆಲೆಯಲ್ಲಿ ಸ್ವಲ್ಪ ಕಡಿಮೆಯಾದೀತು. ಆ ಮನೆಯಲ್ಲಿ ಮುಂದೆ ಬಾಳಬೇಕಾದವರು ಮೊದಲ ಮಳೆಯ ದಿನ ನಮ್ಮನ್ನು ಹೇಗೆ ನೆನೆಯುತ್ತಾರೆ ಎಂಬುದಕ್ಕಿಂತ ಅದು ದೊಡ್ಡ ನಷ್ಟವೇನಲ್ಲ.