ಹಾನ್‌ಡಾರ್ಫ್: ಹೆಸರು ಕಳೆದು ಮರಳಿ ಪಡೆದ ಒಂದು ಗ್ರಾಮ

ದಕ್ಷಿಣ ಆಸ್ಟ್ರೇಲಿಯ ಪ್ರಾಂತದ ರಾಜಧಾನಿಯಾದ ಅಡಿಲೇಡ್ ನಗರದಿಂದ ಆಗ್ನೇಯ ದಿಕ್ಕಿಗೆ ಸುಮಾರು 28 ಕಿಲೋಮೀಟರುಗಳ ದೂರದಲ್ಲಿ, ಗುಡ್ಡಗಳ ನಡುವೆ, ಹಾನ್‌ಡಾರ್ಫ್ ಎಂಬ ಚಿಕ್ಕ ಊರೊಂದುಂಟು. ಇಂಗ್ಲಿಷರ ವಲಸೆನಾಡಿನಲ್ಲಿ ಜರ್ಮನರು ನೆಲಸಿದ ಗ್ರಾಮವೆಂದು ಇದಕ್ಕೆ ಪ್ರಸಿದ್ಧಿ. 'ಡಾರ್ಫ್' ಎಂದರೆ ಜರ್ಮನ್ ಭಾಷೆಯಲ್ಲಿ ಹಳ್ಳಿ. ನಮ್ಮ ಊರುಗಳ ಹೆಸರಿನ ಕೊನೆಯಲ್ಲಿ ಈ ಪದ ನಿಲ್ಲುವಂತೆಯೇ ಅವರಲ್ಲಿಯೂ ನಿಲ್ಲುತ್ತದೆ. 'ಹಾನ್' ಎಂಬುದಕ್ಕೆ ಆ ಭಾಷೆಯಲ್ಲಿ ಹುಂಜವೆಂಬ ಅರ್ಥವಿದ್ದರೂ ಇಲ್ಲಿ ಅದು ಪಕ್ಷಿವಾಚಕವಲ್ಲ, ವ್ಯಕ್ತಿನಾಮ. ಯಾರು ಆ ವ್ಯಕ್ತಿ, ಅವನ ಹೆಸರು ಇಲ್ಲಿಗೆ ಹೇಗೆ ಬಂದಿತು, ನಡುವೆ ಹೇಗೆ ಹೋಯಿತು ಎಂಬುದೇ ಈ ಲೇಖನದ ವಿಷಯ.

ಪ್ರಷ್ಯದ ಅರಸನಾದ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನು 1817ರಲ್ಲಿ ತನ್ನ ರಾಜ್ಯದ ಲೂಥರನ ಮತದವರನ್ನೂ ಇನ್ನೊಂದು ಸುಧಾರಿತ ಪಂಗಡದವರನ್ನೂ ಒಂದೇ ಸಭೆಯಾಗಿ ಕೂಡಿಸಲು ಹೊರಟನು. ಅನಂತರ ಎಲ್ಲರಿಗೂ ಒಂದೇ ಪೂಜಾಪದ್ಧತಿಯನ್ನು ವಿಧಿಸಿದನು. ಅರಸನಿಗೆ ಅದು ಐಕಮತ್ಯವಾಗಿ ತೋರಿತು. ತಮ್ಮ ಪಿತೃಪಿತಾಮಹರ ಪ್ರಾರ್ಥನೆಯನ್ನು ಬಿಡಲೊಲ್ಲದ ಹಳ್ಳಿಗರಿಗಾದರೋ ಅದು ಧರ್ಮಲೋಪವಾಗಿಯೇ ತೋರಿತು. ಒಪ್ಪದ ಪಾದ್ರಿಗಳು ಪದಚ್ಯುತರಾದರು. ಸೆರೆಮನೆ ಕಂಡವರೂ ಉಂಟು. ಕ್ಲೆಮ್‌ಜಿಗ್ ಗ್ರಾಮದ ಪಾದ್ರಿಯಾದ ಆಗಸ್ಟ್ ಕಾವೆಲನು 1836ರಲ್ಲಿ ಲಂಡನ್ನಿಗೆ ಹೋಗಿ, ದಕ್ಷಿಣ ಆಸ್ಟ್ರೇಲಿಯದ ವಲಸೆಯ ಪ್ರವರ್ತಕರಲ್ಲೊಬ್ಬನಾದ ಜಾರ್ಜ್ ಫೈಫ್ ಆಂಗಸನ ಮೊರೆಹೊಕ್ಕನು. ಆಂಗಸನು ಪ್ರಯಾಣದ ವೆಚ್ಚಕ್ಕೆ ಹಣವನ್ನು ಸಾಲವಾಗಿ ಕೊಟ್ಟನು. ದಾನವಲ್ಲ, ಸಾಲ, ಈ ಜನ ಹೊಸ ನಾಡಿನಲ್ಲಿ ಕಾಲಿಟ್ಟದ್ದೇ ಋಣಭಾರವನ್ನು ಹೊತ್ತು.

ಹೀಗೆ ಹೊರಟ ಹಡಗುಗಳಲ್ಲಿ 'ಜೀಬ್ರ' ಒಂದು. 1838ರ ಡಿಸೆಂಬರ್ 28ರಂದು, ಇನ್ನೂರಕ್ಕೆ ತುಸು ಕಡಮೆ ಜನರನ್ನು ಹೊತ್ತು ಅದು ಅಡಿಲೇಡಿನ ಬಂದರನ್ನು ಮುಟ್ಟಿತು. ಅದರ ನಾಯಕನೇ ಡಿರ್ಕ್ ಹಾನ್. ಹಡಗಿನ ಒಡೆಯನಾದವನ ಕರ್ತವ್ಯ ಜನರನ್ನು ದಡಕ್ಕೆ ಸೇರಿಸುವವರೆಗೆ ಮಾತ್ರ. ಆಮೇಲೆ ಅವರು ಬದುಕಿದರೂ ಸರಿ, ಕೆಟ್ಟರೂ ಸರಿ. ಆದರೆ ಈ ಬಡಜನರ ಪ್ರಾರ್ಥನೆ, ಸಹನೆ, ನಡತೆಗಳನ್ನು ತಿಂಗಳುಗಟ್ಟಲೆ ಕಂಡಿದ್ದ ಹಾನನಿಗೆ ಅವರನ್ನು ದಡದಲ್ಲಿ ಬಿಟ್ಟುಹೋಗಲು ಮನಸ್ಸು ಬಾರದಾಯಿತು. ಡಟನ್ ಮೊದಲಾದ ಭೂಮಾಲಿಕರನ್ನು ಕಂಡು, ಮೌಂಟ್ ಬಾರ್ಕರಿನ ಕಡೆಯ ಫಲವತ್ತಾದ ನೆಲವನ್ನು ತಾನೇ ಹೋಗಿ ನೋಡಿ, ಮೊದಲ ವರ್ಷಕ್ಕೆ ಗೇಣಿಯಿಲ್ಲದಂತೆ ಅವರಿಗೆ ಭೂಮಿಯನ್ನು ಕೊಡಿಸಿದನು. 1839ರ ಆರಂಭದಲ್ಲಿ ಅವರು ಸಾಮಾನು ಸರಂಜಾಮುಗಳೊಡನೆ ಗುಡ್ಡವನ್ನೇರಿ ಗುಡಿಸಲು ಕಟ್ಟಿದರು. ಗ್ರಾಮವು ತಲೆಯೆತ್ತುವ ಮೊದಲೇ ಹಾನನು ಹಡಗನ್ನು ಬಿಚ್ಚಿಕೊಂಡು ಹೊರಟುಹೋಗಿದ್ದನು. ಊರಿಗೆ ರಾಜನ ಹೆಸರಿಡಲಿಲ್ಲ, ಸಾಲಕೊಟ್ಟವನ ಹೆಸರನ್ನೂ ಇಡಲಿಲ್ಲ, ನಾವಿಕನ ಹೆಸರನ್ನಿಟ್ಟರು. ಇದಕ್ಕಿಂತ ಯೋಗ್ಯವಾದ ನಾಮಕರಣವನ್ನು ನಾನು ಇತಿಹಾಸದಲ್ಲಿ ಹೆಚ್ಚಾಗಿ ಕಂಡಿಲ್ಲ.

ಆದರೂ ಒಂದು ಮಾತನ್ನು ಇಲ್ಲಿ ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಡಟನನು ಕೊಟ್ಟ ಭೂಮಿ ಅವನ ಪಿತ್ರಾರ್ಜಿತವಾಗಿರಲಿಲ್ಲ. ಆ ಗುಡ್ಡಗಳು ಪೆರಾಮಾಂಕ್ ಎಂಬ ಮೂಲನಿವಾಸಿಗಳ ನೆಲೆ; ಅವರ ಮಾತಿನಲ್ಲಿ ಈ ತಾಣಕ್ಕೆ ಬುಕಾರ್ಟಿಲ್ಲ ಎಂದು ಹೆಸರಿತ್ತು. ಆ ಹೆಸರನ್ನು ಅಳಿಸುವುದಕ್ಕೆ ಯಾವ ಶಾಸನವೂ ಬೇಕಾಗಲಿಲ್ಲ.

ಮೊದಲ ವರ್ಷಗಳ ಭಾರವನ್ನು ಹೊತ್ತವರು ಹೆಂಗಸರು. ಗಂಡಸರು ನೆಲವನ್ನು ಹಸನುಮಾಡುತ್ತಿರುವಾಗ ಅವರು ಬೆಣ್ಣೆ, ಮೊಟ್ಟೆ, ತರಕಾರಿಗಳ ಬುಟ್ಟಿಗಳನ್ನು ಹೊತ್ತು, ನಡುರಾತ್ರಿ ಹೊರಟು, ಗುಡ್ಡದ ದಾರಿಯನ್ನು ಕಾಲುನಡಗೆಯಿಂದಲೇ ಕಳೆದು, ಬೆಳಗಿನ ಪೇಟೆಯ ಹೊತ್ತಿಗೆ ಅಡಿಲೇಡನ್ನು ಸೇರುತ್ತಿದ್ದರು. ಬರುವಾಗ ಮನೆಗೆ ಬೇಕಾದ ವಸ್ತುಗಳ ಜತೆಗೆ, ದೇವಾಲಯವನ್ನು ಕಟ್ಟುವುದಕ್ಕೆಂದು ಒಬ್ಬೊಬ್ಬರು ಎರಡೆರಡು ಇಟ್ಟಿಗೆಗಳನ್ನು ಹೊತ್ತು ತರುತ್ತಿದ್ದರೆಂದು ಐತಿಹ್ಯ. ಅವರು ನಡೆದ ಹಾದಿಯನ್ನು ಈಗ ಗುರುತಿಸಿಟ್ಟಿದ್ದಾರೆ.

ಅಡಿಲೇಡಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನ ಮನೆಯಲ್ಲಿ ಕೆಲವು ವಾರ ಇದ್ದಾಗ ಈ ಊರಿಗೆ ಎರಡು ಸಲ ಹೋಗಿಬರುವ ಅವಕಾಶ ನನಗೆ ಒದಗಿತು. ನೋಡಲು ಬಲು ಸೊಗಸಾದ ಊರು. ದೊಡ್ಡ ಬೀದಿಯ ಇಕ್ಕೆಲದಲ್ಲಿ ಯೂರೋಪಿನಿಂದ ಬಂದ ಜಾತಿಯ ನೆರಳಿನ ಮರಗಳು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿ ಕಟ್ಟಿದ ಹಳೆಯ ಮನೆಗಳು. 1857ರಲ್ಲಿ ಬೋಮ್ ಎಂಬ ಉಪಾಧ್ಯಾಯನು ನಡೆಸಿದ ವಿದ್ಯಾಶಾಲೆಯ ಕಟ್ಟಡ ಈಗ ಚಿತ್ರಶಾಲೆಯೂ ವಸ್ತುಸಂಗ್ರಹವೂ ಆಗಿದೆ. ಹತ್ತಿರದಲ್ಲಿಯೇ, ಹ್ಯಾಂಬರ್ಗಿನಲ್ಲಿ ಹುಟ್ಟಿ ಆಸ್ಟ್ರೇಲಿಯದ ನೀಲಗಿರಿ ಮರಗಳನ್ನು ಚಿತ್ರಿಸಿ ಕೀರ್ತಿವಂತನಾದ ಹಾನ್ಸ್ ಹೈಸನನ ಮನೆ. ತಿಂಡಿಯಂಗಡಿಗಳಲ್ಲಿ ಮಾಂಸದ ಪದಾರ್ಥಗಳೇ ಬಹಳ. ನನ್ನಂಥವನ ಪಾಲಿಗೆ ಸೇಬು ತುಂಬಿದ, ಹೋಳಿಗೆಯ ಬಂಧುವೆನ್ನಬಹುದಾದ ಒಂದು ಭಕ್ಷ್ಯ ದೊರೆಯಿತು. ಅಂಗಡಿಯ ಹಲಗೆಗಳ ಮೇಲೆ ಜರ್ಮನ್ ಅಕ್ಷರಗಳುಂಟು. ಆದರೆ ಇಡೀ ಬೀದಿಯನ್ನು ನಡೆದರೂ, ಅಂಗಡಿಯವರ ಬಾಯಲ್ಲಾಗಲಿ ಜಗುಲಿಯ ಮುದುಕರ ಬಾಯಲ್ಲಾಗಲಿ, ಒಂದು ಜರ್ಮನ್ ವಾಕ್ಯವೂ ನನ್ನ ಕಿವಿಗೆ ಬೀಳಲಿಲ್ಲ.

ಇದಕ್ಕೆ ಕಾಲವೊಂದೇ ಕಾರಣವಲ್ಲ. 1914ರಲ್ಲಿ ಮಹಾಯುದ್ಧವು ಮೊದಲಾದೊಡನೆ, ಮುಕ್ಕಾಲು ಶತಮಾನ ಉತ್ತು ಬಿತ್ತಿ ಕಂದಾಯ ಕೊಟ್ಟ ಈ ಜನ ಶತ್ರುಗಳ ಸಂತಾನವಾಗಿ ಕಂಡರು. ಅಲ್ಲಿಯೇ ಹುಟ್ಟಿ ಪ್ರಾಂತದ ಅಟಾರ್ನಿ ಜನರಲ್ ಆಗಿದ್ದ ಹೆರ್ಮನ್ ಹೋಂಬರ್ಗನು 1915ರಲ್ಲಿ ಪದವಿಯನ್ನು ಬಿಡಬೇಕಾಯಿತು. 1917ರಲ್ಲಿ ಲೂಥರನ ಮತದವರ 49 ಶಾಲೆಗಳನ್ನು ಸರ್ಕಾರ ಮುಚ್ಚಿಸಿತು. ಅದೇ ವರ್ಷದ ನಾಮಧೇಯ ಶಾಸನದಂತೆ ಜರ್ಮನ್ ಮೂಲದ 69 ಸ್ಥಳನಾಮಗಳು ಬದಲಾದವು. ಹಾನ್‌ಡಾರ್ಫ್ 1918ರಲ್ಲಿ 'ಆಂಬಲ್‌ಸೈಡ್' ಆಯಿತು. ಕಾವೆಲನ ಜನ ತಮ್ಮ ಹುಟ್ಟೂರಿನ ನೆನಪಿಗೆ ಕ್ಲೆಮ್‌ಜಿಗ್ ಎಂದು ಹೆಸರಿಟ್ಟಿದ್ದ ಗ್ರಾಮವು ರಣಭೂಮಿಯೊಂದರ ಹೆಸರನ್ನು ಪಡೆದು 'ಗಾಜಾ' ಆಯಿತು. ಹೆಸರನ್ನು ಬದಲಾಯಿಸಿದ್ದಕ್ಕಿಂತ ಶಾಲೆಗಳನ್ನು ಮುಚ್ಚಿದ್ದೇ ಘೋರವೆಂದು ನನ್ನ ಅಭಿಪ್ರಾಯ. ಇದನ್ನು ಉಪಾಧ್ಯಾಯನ ಪಕ್ಷಪಾತವೆಂದು ವಾಚಕರು ಭಾವಿಸಿದರೆ ಭಾವಿಸಲಿ. ಹಲಗೆಯ ಮೇಲಿನ ಹೆಸರನ್ನು ಒರಸಿದರೆ ಮತ್ತೆ ಬರೆಯಬಹುದು. ಮಕ್ಕಳ ನಾಲಗೆಯಿಂದ ಒಂದು ತಲೆಮಾರು ತಪ್ಪಿಹೋದ ಭಾಷೆಯನ್ನು ಯಾವ ಶಾಸನದಿಂದ ಬರೆಯೋಣ?

ಇದೇ ಯುದ್ಧದ ಬಿಸಿ ನಮ್ಮ ಕರಾವಳಿಗೂ ತಗಲಿತ್ತು. ಜೀಬ್ರ ಹಡಗಿಗಿಂತ ಎರಡು ವರ್ಷ ಮೊದಲು, 1836ರಲ್ಲಿ, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿಗೆ ಬಂದಿದ್ದರು. ಅವರ 'ಮಂಗಳೂರ ಸಮಾಚಾರ' 1843ರಲ್ಲಿಯೂ ಕಿಟ್ಟೆಲರ ನಿಘಂಟು 1894ರಲ್ಲಿಯೂ ಹೊರಬಂದವು. ಆ ಜರ್ಮನರು ಅನ್ಯರ ಭಾಷೆಯನ್ನು ಕಲಿಯುವುದಕ್ಕೆ ಸಮುದ್ರ ದಾಟಿದವರು. ಇವರು ತಮ್ಮ ಭಾಷೆಯ ಪ್ರಾರ್ಥನೆಯನ್ನು ಉಳಿಸಿಕೊಳ್ಳುವುದಕ್ಕೆ ದಾಟಿದವರು. ಯುದ್ಧಕಾಲದಲ್ಲಿ ಮಿಶನ್ನಿನ ಜರ್ಮನರು ಇಲ್ಲಿಯೂ ಬಂಧನಕ್ಕೊಳಗಾದರು. ಅವರ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ದಕ್ಷಿಣ ಆಸ್ಟ್ರೇಲಿಯದ ಶತಮಾನೋತ್ಸವವು ಸಮೀಪಿಸಿದಾಗ, 1935ರ ಶಾಸನದಿಂದ ಹಾನ್‌ಡಾರ್ಫ್, ಕ್ಲೆಮ್‌ಜಿಗ್, ಲೋಬೆಥಾಲ್ ಎಂಬ ಮೂರು ಹೆಸರುಗಳು ಮರಳಿ ಬಂದವು. ಅವು ಮರಳಿದ ಹತ್ತು ವರ್ಷಗಳಲ್ಲೇ ಒಂದು ವಿಚಿತ್ರ ನಡೆಯಿತು. 1945ರಲ್ಲಿ ಕಾವೆಲನ ಜನರ ಹುಟ್ಟುನಾಡು ಪೋಲೆಂಡಿಗೆ ಸೇರಿ, ಅಲ್ಲಿನ ಜರ್ಮನರು ಹೊರದೂಡಲ್ಪಟ್ಟು, ಮೂಲದ ಕ್ಲೆಮ್‌ಜಿಗ್ 'ಕ್ಲೆಂಪ್‌ಸ್ಕ್' ಆಯಿತು. ಆ ಹಳೆಯ ಹೆಸರು ಈಗ ಊರಿನ ಹೆಸರಾಗಿ ನಿಂತಿರುವುದು ಅಡಿಲೇಡಿನ ಬಡಾವಣೆಯಲ್ಲಿ.

ಎಲ್ಲ ಊರುಗಳಿಗೂ ಹಳೆಯ ಹೆಸರು ದಕ್ಕಲಿಲ್ಲ. ಹಾನ್‌ಡಾರ್ಫಿಗೆ ಹೊಂದಿಕೊಂಡೇ ಇರುವ ಒಂದು ಹಳ್ಳಿಗೆ ಮೊದಲು ಗ್ರೂನ್‌ಟಾಲ್, ಅಂದರೆ ಹಸಿರು ಕಣಿವೆ, ಎಂದು ಹೆಸರಿತ್ತು. ಯುದ್ಧಕಾಲದಲ್ಲಿ ಅದಕ್ಕೆ ಫ್ರಾನ್ಸಿನ ರಣಭೂಮಿಯಾದ ವರ್ಡನ್ನಿನ ಹೆಸರನ್ನಿಟ್ಟರು. ಸುತ್ತಲೂ ತೋಟಗಳು, ಹಣ್ಣಿನ ಮರಗಳು. ದಾರಿಯ ಫಲಕದ ಮೇಲೆ ಇಂದಿಗೂ ವರ್ಡನ್ ಎಂದೇ ಇದೆ.